ಪಲ್ಲಿಯೂ ಹಳ್ಳಿಯೂ: ಕನ್ನಡ ನಾಡಿನ ತೆಲುಗು ಊರುಗಳು



ಗವಿಪುರದ ಈ ದತ್ತಿ ಉಪನ್ಯಾಸಕ್ಕೆ ಯಾವ ವಿಷಯ ತೆಗೆದುಕೊಳ್ಳುತ್ತೀರಿ ಎಂದು ಕಾರ್ಯದರ್ಶಿಗಳು ಕೇಳಿದಾಗ ಎರಡು ದಿನ ಸಮಯ ಬೇಕೆಂದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕನ್ನಡ ಪಾಠ ಮಾಡಿದವನು ನಾನು. ಕನ್ನಡದ ಒಬ್ಬ ಕವಿಯ ಬಗ್ಗೆ ಮಾತಾಡಿದ್ದರೆ ನನಗೂ ಸುಲಭವಿತ್ತು, ನಿಮಗೂ ಅದೇ ನಿರೀಕ್ಷೆ ಇದ್ದಿರಬಹುದು. ಆದರೆ ಇಷ್ಟು ಜನ ಕನ್ನಡಾಭಿಮಾನಿಗಳ ಎದುರು ನಿಲ್ಲುವ ಅವಕಾಶ ಈ ವಯಸ್ಸಿನಲ್ಲಿ ಇನ್ನೊಮ್ಮೆ ಸಿಕ್ಕೀತೋ ಇಲ್ಲವೋ. ಬಹಳ ಕಾಲದಿಂದ ಮನಸ್ಸಿನಲ್ಲಿದ್ದದ್ದನ್ನೇ ಹೇಳಿಬಿಡೋಣ ಎಂದು ನಿರ್ಧರಿಸಿದೆ.

ನನ್ನ ಮನೆಮಾತು ತೆಲುಗು. ಹುಟ್ಟಿದ್ದು ಬಾಗೇಪಲ್ಲಿ ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿ. ನಮ್ಮೂರಿನ ಬಾವಿಕಟ್ಟೆಯಲ್ಲಿ, ಹೊಲದಲ್ಲಿ, ಮದುವೆ ಚಪ್ಪರದಲ್ಲಿ, ಸಾವಿನ ಮನೆಯಲ್ಲಿ ತೆಲುಗೇ ಮಾತು. ಆದರೂ ನಾವು ಎಲ್ಲಿಂದಲೋ ಬಂದವರಲ್ಲ. ನಮ್ಮ ಪೂರ್ವಿಕರು ಮೈಸೂರು ಸಂಸ್ಥಾನದ ಪ್ರಜೆಗಳು. 1956ರ ಭಾಷಾವಾರು ವಿಂಗಡಣೆಯಲ್ಲಿ ಗೆರೆ ಎಳೆದಾಗ ಈಚೆಗೆ ಸೇರಿಕೊಂಡವರೂ ಅಲ್ಲ, ಅದಕ್ಕೂ ಎಷ್ಟೋ ಮೊದಲಿನಿಂದ ಇಲ್ಲಿಯವರೇ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ತೆಲುಗನ್ನು ಮಾತೃಭಾಷೆ ಎಂದು ಬರೆಸಿದವರು 35 ಲಕ್ಷಕ್ಕೂ ಹೆಚ್ಚು. ಅವರಲ್ಲಿ ನಗರದವರನ್ನೂ ಬಳ್ಳಾರಿ, ರಾಯಚೂರು, ಪಾವಗಡದ ಕಡೆಯವರನ್ನೂ ಇವತ್ತು ಪಕ್ಕಕ್ಕಿಡುತ್ತೇನೆ. ನಾನು ಮಾತಾಡುವುದು ನನಗೆ ಗೊತ್ತಿರುವ ಸೀಮೆಯ ಬಗ್ಗೆ ಮಾತ್ರ: ಬಾಗೇಪಲ್ಲಿ, ಗುಡಿಬಂಡೆ, ಗೌರಿಬಿದನೂರು, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು. ಮೊದಲು ಎಲ್ಲವೂ ಕೋಲಾರ ಜಿಲ್ಲೆಯೇ, 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಯಿತು.

ಮೊದಲು ನಾವು ಕೂತಿರುವ ಈ ಜಾಗದಿಂದ ಆರಂಭಿಸಿ ಊರ ಹೆಸರುಗಳಿಗೆ ಹೋಗುತ್ತೇನೆ. ಆಮೇಲೆ ಅಂಥ ಊರಿನ ಒಂದು ದಿನದಲ್ಲಿ ಎರಡು ಭಾಷೆಗಳು ಹೇಗೆ ಕೆಲಸ ಹಂಚಿಕೊಂಡಿವೆ ಎಂದು ನೋಡೋಣ. ಅಲ್ಲಿಂದ ಕೈವಾರದ ತಾತಯ್ಯನವರಿಗೂ, ಅವರ ಮೂಲಕ ಲಿಪಿಯ ವಿಚಾರಕ್ಕೂ. ಕೊನೆಗೆ ಶಾಲೆ ಮತ್ತು ಈಗಿನ ಪರಿಸ್ಥಿತಿ. ಈ ಎಲ್ಲದರ ಹಿಂದೆ ನನಗೆ ಹೇಳಬೇಕಾದ್ದು ಒಂದೇ. ಈ ಊರುಗಳ ತೆಲುಗು ಕನ್ನಡ ನಾಡಿನ ಸ್ವಂತ ಆಸ್ತಿ. ಅದನ್ನು ಕಾಪಾಡಬೇಕಾದವರು ಹೈದರಾಬಾದಿನವರಲ್ಲ, ಅಮರಾವತಿಯವರಲ್ಲ, ನಾವು.

ಗವಿಪುರದಿಂದಲೇ ಶುರು ಮಾಡುತ್ತೇನೆ. ಈ ಸಭಾಂಗಣಕ್ಕೆ ಬರುವಾಗ ಗವಿ ಗಂಗಾಧರೇಶ್ವರನ ಗುಡಿಯ ಮುಂದೆ ಒಂದು ನಿಮಿಷ ನಿಂತಿದ್ದೆ. ಅಂಗಳದ ಏಕಶಿಲೆಯ ಸೂರ್ಯಪಾನ, ಚಂದ್ರಪಾನ, ತ್ರಿಶೂಲ, ಡಮರುಗಳನ್ನು ನೀವು ದಿನಾ ನೋಡುತ್ತೀರಿ. ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವಿಂದ ಬಿಸಿಲು ಲಿಂಗವನ್ನು ಮುಟ್ಟುವುದನ್ನು ನೋಡಲು ಊರಿಗೆ ಊರೇ ಇಲ್ಲಿ ಸೇರುತ್ತದೆ. ಈ ಗುಡಿಯನ್ನು ಕಟ್ಟಿಸಿದವರೆಂದು, ಜೀರ್ಣೋದ್ಧಾರ ಮಾಡಿಸಿದವರೆಂದು ನಾವು ನೆನೆಯುವುದು ಕೆಂಪೇಗೌಡರನ್ನು. ಅವರ ಹೆಸರಿನ ಗೋಪುರ ಕೆಂಪಾಂಬುಧಿ ಕೆರೆಯ ಬಳಿ ಇಲ್ಲೇ ಇದೆ. 1537ರಲ್ಲಿ ಬೆಂಗಳೂರು ಕಟ್ಟಿದ ನಾಡಪ್ರಭು. ಅವರ ಹೆಸರಿನಲ್ಲಿ ಒಂದು ಯಕ್ಷಗಾನ ಕೃತಿಯೂ ಇದೆ, ‘ಗಂಗಾಗೌರೀವಿಲಾಸ’. ಹೆಸರೇ ಹೇಳುವಂತೆ ಗಂಗೆ ಮತ್ತು ಗೌರಿಯರ ಕಥೆ. ಅದರ ಭಾಷೆ ತೆಲುಗು.

ಇದನ್ನು ಕೇಳಿದಾಗ ಕೆಲವರು ಮುಖ ಸಣ್ಣದು ಮಾಡಿಕೊಳ್ಳುವುದನ್ನು ನೋಡಿದ್ದೇನೆ. ಸಣ್ಣದು ಮಾಡಿಕೊಳ್ಳಬೇಕಾದ್ದು ಏನೂ ಇಲ್ಲ. ವಿಜಯನಗರದ ಕಾಲದಲ್ಲಿ ಪಾಳೆಯಗಾರನೊಬ್ಬ ಒಂದು ಭಾಷೆಯಲ್ಲಿ ಆಳುತ್ತಿದ್ದ, ಇನ್ನೊಂದರಲ್ಲಿ ಹಾಡುತ್ತಿದ್ದ. ಕನ್ನಡ ರಾಜ್ಯ ರಮಾರಮಣನೆನಿಸಿಕೊಂಡ ಕೃಷ್ಣದೇವರಾಯನೇ ‘ಆಮುಕ್ತಮಾಲ್ಯದ’ವನ್ನು ಬರೆದದ್ದು ತೆಲುಗಿನಲ್ಲಿ. ಇನ್ನೂ ಹಿಂದಕ್ಕೆ ಹೋದರೆ ಪಂಪನ ಮನೆತನದ ಬೇರು ವೆಂಗಿ ನಾಡಿನಲ್ಲಿದೆ. ಬಸವಣ್ಣನವರ ಕಥೆಯನ್ನು ಪುರಾಣವಾಗಿ ಮೊದಲು ಹೇಳಿದ್ದು ಪಾಲ್ಕುರಿಕೆ ಸೋಮನಾಥ, ತೆಲುಗಿನಲ್ಲಿ. ಅದನ್ನು ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದ. ಕೊಟ್ಟವರು ಯಾರು, ಪಡೆದವರು ಯಾರು ಎಂದು ಲೆಕ್ಕ ಹಾಕುತ್ತಾ ಕೂತರೆ ಸಂಜೆಯಾಗುತ್ತದೆ.

ಈ ಬಡಾವಣೆಯ ಹಳೆಯ ಹೆಸರು ನಿಮಗೆಲ್ಲ ಗೊತ್ತು, ಗವಿಪುರ ಗುಟ್ಟಹಳ್ಳಿ. ತೆಲುಗಿನಲ್ಲಿ ‘ಗುಟ್ಟ’ ಎಂದರೆ ಗುಡ್ಡ. ಎದುರಿಗೇ ಹರಿಹರ ಗುಡ್ಡವಿದೆ. ಗುಟ್ಟಹಳ್ಳಿ ಎಂಬುದರಲ್ಲಿ ನನ್ನ ಕಿವಿಗೆ ಕೇಳುವುದು ಗುಡ್ಡದ ಪಕ್ಕದ ಹಳ್ಳಿಯೇ. ಶಾಸ್ತ್ರಜ್ಞರು ಬೇರೆ ವ್ಯುತ್ಪತ್ತಿ ಹೇಳಿದರೆ ಒಪ್ಪಿಕೊಳ್ಳುತ್ತೇನೆ, ಆದರೆ ನಮ್ಮೂರಿನಿಂದ ಬಂದ ಯಾರಿಗಾದರೂ ಈ ಹೆಸರನ್ನು ಬಿಡಿಸಿ ಹೇಳುವ ಅಗತ್ಯ ಬೀಳುವುದಿಲ್ಲ. ಇದೇ ಗವಿಪುರದಲ್ಲಿ ಬಾಳಿದವರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ಹುಟ್ಟಿದ್ದು ನಮ್ಮ ಕಡೆಯೇ, ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ. ಮನೆಮಾತು ತಮಿಳು. ಕನ್ನಡದ ಸಣ್ಣಕಥೆಗೆ ದಾರಿ ಹಾಕಿಕೊಟ್ಟರು, 1983ರ ಜ್ಞಾನಪೀಠ ಪ್ರಶಸ್ತಿಯನ್ನು ಕನ್ನಡಕ್ಕೆ ತಂದರು. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಹುಟ್ಟಿದಾಗ ದಿವಾನರಾಗಿದ್ದವರು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಅವರ ಹೆಸರಿನ ಮುಂದಿರುವ ಮೋಕ್ಷಗುಂಡಂ ಇರುವುದು ಆಂಧ್ರದಲ್ಲಿ. ಹೀಗೆ ಮನೆಯೊಳಗೆ ಒಂದು ಮಾತು, ಹೊಸ್ತಿಲಾಚೆ ಇನ್ನೊಂದು ಮಾತು ಇದ್ದವರೆಲ್ಲ ಸೇರಿ ಕಟ್ಟಿದ ಊರು ಇದು.

ಇನ್ನು ಊರ ಹೆಸರುಗಳ ಕಡೆಗೆ ಬರುತ್ತೇನೆ. ಹೈದರಾಬಾದಿನ ಹೆದ್ದಾರಿಯಲ್ಲಿ ಬಸ್ಸು ಚಿಕ್ಕಬಳ್ಳಾಪುರ ದಾಟಿ ಪೆರೇಸಂದ್ರದ ಆಚೆಗೆ ಹೋದಂತೆ ಕೈಮರಗಳ ಮೇಲಿನ ಹೆಸರುಗಳು ಬದಲಾಗುತ್ತವೆ. ಬೆಟ್ಟ ಹೋಗಿ ಕೊಂಡ ಬರುತ್ತದೆ, ವರ್ಲಕೊಂಡ. ಕೆರೆ ಹೋಗಿ ಚೆರುವು ಬರುತ್ತದೆ, ರಾಶ್ಚೆರುವು. ‘ಹಳೆಯ’ ಎಂಬಲ್ಲಿ ‘ಪಾತ’ ಬಂದು ಪಾತಪಾಳ್ಯ. ದಿಬ್ಬಕ್ಕೆ ‘ಮಿಟ್ಟ’, ಆದ್ದರಿಂದ ಮಿಟ್ಟೇಮರಿ. ಒಂದು ಮನೆತನದವರು ನೆಲೆ ನಿಂತ ಊರಾದರೆ ‘ವಾರಿಪಲ್ಲಿ’, ಗಂಟಂವಾರಿಪಲ್ಲಿಯ ಹಾಗೆ. ನನಗೆ ಅತ್ಯಂತ ಪ್ರಿಯವಾದ ಹೆಸರು ಗಡಿದಂ ವೆಂಕಟರಮಣಸ್ವಾಮಿಯ ಕ್ಷೇತ್ರದ್ದು, ದೇವರಗುಡಿಪಲ್ಲಿ. ‘ದೇವರ’ ಎಂಬ ಷಷ್ಠೀ ರೂಪ ಕನ್ನಡದ್ದು, ‘ಗುಡಿ’ ಎರಡೂ ಭಾಷೆಗೆ ಸೇರಿದ್ದು, ‘ಪಲ್ಲಿ’ ತೆಲುಗಿನ ಉಚ್ಚಾರ. ಆ ಊರಿನವರು ಇದರಲ್ಲಿ ಎಲ್ಲಿ ಕನ್ನಡ ಮುಗಿಯಿತು, ಎಲ್ಲಿ ತೆಲುಗು ಶುರುವಾಯಿತು ಎಂದು ಎಂದೂ ಯೋಚಿಸಿದವರಲ್ಲ.

‘ಪಲ್ಲಿ’ ಎಂಬುದರ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು. ಹಳಗನ್ನಡದಲ್ಲಿ ಪಾಲ್ ಇದ್ದದ್ದು ಆಮೇಲೆ ಹಾಲಾಯಿತು. ಪೂ ಹೂವಾಯಿತು, ಪುಲಿ ಹುಲಿಯಾಯಿತು, ಪಗಲ್ ಹಗಲಾಯಿತು. ಹಾಗೆಯೇ ಪಳ್ಳಿ ಹಳ್ಳಿಯಾಯಿತು. ನಡುಗನ್ನಡದ ಹೊತ್ತಿಗೆ ನಾವು ಪಕಾರವನ್ನು ಹಕಾರ ಮಾಡಿಕೊಂಡೆವು, ತೆಲುಗು ಹಾಗೇ ಉಳಿಸಿಕೊಂಡಿತು: ಪಾಲು, ಪುವ್ವು, ಪುಲಿ, ಪಗಲು, ಪಲ್ಲಿ. ಎಂಟನೆಯ ತರಗತಿಯ ಮಕ್ಕಳಿಗೆ ಇದನ್ನು ಪಾಠ ಮಾಡುವಾಗ ಬಾಗೇಪಲ್ಲಿಯ ಶಾಲೆಯಲ್ಲಿ ನನಗೆ ಸಿಗುತ್ತಿದ್ದ ಅನುಕೂಲ ಬೆಂಗಳೂರಿನ ಮೇಷ್ಟ್ರಿಗೆ ಸಿಗಲಾರದು. ಅಡುಗೆಮನೆಯಿಂದಲೇ ಉದಾಹರಣೆ ಕೊಡಬಹುದಿತ್ತು. ಮಾರ್ಗಶಿರದ ಚಳಿಯಲ್ಲಿ ಸೊಗಡಿನ ಅವರೆಕಾಯಿ ಬರುತ್ತದಲ್ಲ, ಕಾಳು ನೆನೆಹಾಕಿ ಹಿದುಕಿ ಸಿಪ್ಪೆ ತೆಗೆದರೆ ನಿಮ್ಮ ಮನೆಯಲ್ಲಿ ಅದು ಹಿದುಕಿದಬೇಳೆ. ನಮ್ಮ ಮನೆಯಲ್ಲಿ ಅವರೆ ‘ಅನಪಕಾಯ’, ಹಿದುಕಿದಬೇಳೆ ‘ಪಿತಿಕಿನಪಪ್ಪು’. “ನಿಮ್ಮಮ್ಮ ಪಿತುಕುವುದನ್ನೇ ಕನ್ನಡದ ಅಮ್ಮ ಹಿದುಕುತ್ತಾರೆ” ಎಂದರೆ ಸಾಕು, ಇಡೀ ಧ್ವನಿ ವ್ಯತ್ಯಾಸದ ಪಾಠ ಮಕ್ಕಳ ಬಾಯಲ್ಲಿ ಕೂತುಬಿಡುತ್ತಿತ್ತು. ನಮ್ಮ ಮಕ್ಕಳಿಗೆ ಹಳಗನ್ನಡ ಕಷ್ಟ ಎಂದು ಎಲ್ಲರೂ ಅಂದುಕೊಂಡಿದ್ದರು. ಪಕಾರದ ವಿಷಯದಲ್ಲಿ ಪಂಪನಿಗೆ ಅವರೇ ಹೆಚ್ಚು ಹತ್ತಿರದಲ್ಲಿದ್ದರು.

2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ನಡೆದ ಸಚಿವ ಸಂಪುಟ ಸಭೆ ಬಾಗೇಪಲ್ಲಿಗೆ ಭಾಗ್ಯನಗರ ಎಂದು ಹೆಸರಿಡಲು ಒಪ್ಪಿಗೆ ಕೊಟ್ಟಿತು. ಅದನ್ನು ಕೇಳಿದವರು ನಮ್ಮ ಜನರೇ, ಅವರ ಆಸೆ ನನಗೆ ಅರ್ಥವಾಗುತ್ತದೆ. ಕನ್ನಡ ನಾಡಿನ ಊರಿಗೆ ಕನ್ನಡದ ಹೆಸರಿರಲಿ ಎಂಬುದು ಗಡಿಯಲ್ಲಿ ಬಾಳುವವರಿಗೆ ಸಣ್ಣ ವಿಷಯವಲ್ಲ. ಆದರೂ ನನ್ನ ಮನಸ್ಸಿನಲ್ಲಿರುವುದನ್ನು ಮುಚ್ಚಿಡಲಾರೆ. ‘ಪಲ್ಲಿ’ ಕನ್ನಡಕ್ಕೆ ಹೊರಗಿನದೆಂದು ತೆಗೆದು ನಾವು ಇಟ್ಟುಕೊಂಡಿರುವುದು ಸಂಸ್ಕೃತದ ಭಾಗ್ಯವನ್ನೂ ನಗರವನ್ನೂ. ಶ್ರೀನಿವಾಸಪುರಕ್ಕೆ ಮೊದಲು ಪಾಪನಪಲ್ಲಿ ಎಂಬ ಹೆಸರಿತ್ತು, ದಿವಾನ್ ಪೂರ್ಣಯ್ಯನವರು ಮಗನ ಹೆಸರಿನಲ್ಲಿ ಬದಲಾಯಿಸಿದರು ಎಂದು ಗ್ಯಾಸೆಟಿಯರು ಹೇಳುತ್ತದೆ. ಇವತ್ತು ಪಾಪನಪಲ್ಲಿ ಎಂದರೆ ಆ ಊರಿನ ಹುಡುಗರಿಗೇ ತಿಳಿಯದು. ಹೆಸರು ಹೋದ ಮೇಲೆ ಅದನ್ನು ಇಟ್ಟವರು ಯಾರು, ಏಕೆ ಇಟ್ಟರು ಎಂದು ಕೇಳುವವರೂ ಇಲ್ಲವಾಗುತ್ತಾರೆ.

ಈಗ ಊರೊಳಗೆ ಹೋಗೋಣ. ನಮ್ಮೂರಿನ ದಿನದಲ್ಲಿ ತೆಲುಗಿಗೂ ಕನ್ನಡಕ್ಕೂ ಬೇರೆ ಬೇರೆ ಹೊತ್ತುಗಳಿದ್ದವು, ಬೇರೆ ಬೇರೆ ಕೆಲಸಗಳಿದ್ದವು. ಬೆಳಿಗ್ಗೆ ಎದ್ದರೆ ತೆಲುಗು. ಮುದ್ದೆಗೆ ‘ಸಂಗಟಿ’ ಎನ್ನುತ್ತಿದ್ದೆವು. ದಾರಿಯಲ್ಲಿ ಎದುರಾದವರು “ಯಾಡಿಕಿ ಪೋತಾಂಡಾವಪ್ಪಾ” ಎಂದು ಕೇಳುತ್ತಿದ್ದರು. ಆಂಧ್ರದ ಕರಾವಳಿಯ ತೆಲುಗಿನವರಿಗೆ ಈ ಧಾಟಿ ಒರಟಾಗಿ ಕೇಳುತ್ತದೆ, ಇದು ರಾಯಲಸೀಮೆಯ ಮಾತಿನ ಬಳಗದ್ದು. ಆದರೆ ಅದೇ ಮನುಷ್ಯ ಜಮೀನಿನ ವಿಷಯಕ್ಕೆ ಬಂದರೆ ಬಾಯಲ್ಲಿ ಬರುವ ಪದಗಳೆಲ್ಲ ಕನ್ನಡ ಸರ್ಕಾರದ್ದು. ಗಡಿಯಾಚೆಯ ಊರಿನ ರೈತ ಕರಣಂ, ತಹಶೀಲ್ದಾರ್, ಅಡಂಗಲ್ ಎಂದರೆ ನಮ್ಮ ತಾತ ಶಾನುಭೋಗರು, ಅಮಲ್ದಾರರು, ಪಹಣಿ ಎನ್ನುತ್ತಿದ್ದರು. ಮಾತಿನ ಕ್ರಿಯಾಪದ ತೆಲುಗು, ನಾಮಪದ ಮೈಸೂರು. ಇಬ್ಬರೂ ಒಂದೇ ಜಾತ್ರೆಗೆ ಹೋಗುವವರು, ಒಂದೇ ಕದಿರಿ ನರಸಿಂಹಸ್ವಾಮಿಯನ್ನು ಮನೆದೇವರೆನ್ನುವವರು, ಹೆಣ್ಣು ಕೊಟ್ಟು ತಂದವರು. ಆದರೂ ಒಬ್ಬರು ಮದರಾಸು ಪ್ರಾಂತ್ಯದ ಆಡಳಿತದಲ್ಲಿ ಬಾಳಿದವರು, ಇನ್ನೊಬ್ಬರು ಮೈಸೂರಿನವರು ಎಂಬುದು ಇಂಥ ನಾಲ್ಕು ಶಬ್ದಗಳಿಂದ ತಿಳಿದುಹೋಗುತ್ತದೆ.

ಪ್ರಭಾವ ಒಂದೇ ಕಡೆಯಿಂದ ಹರಿದಿಲ್ಲ. ಧಾರವಾಡದ ಮಗು ಅಜ್ಜ ಎನ್ನುವಲ್ಲಿ ಕೋಲಾರದ, ಬೆಂಗಳೂರಿನ ಕನ್ನಡ ಮಗು ತಾತ ಎನ್ನುತ್ತದೆ. ನಮ್ಮ ತೆಲುಗು ಮನೆಗಳಲ್ಲೂ ತಾತನೇ. ಈ ಸಭೆಯಲ್ಲಿ ಎಷ್ಟು ಜನ ತಾತಂದಿರಿದ್ದೀರಿ ಎಂದು ಎಣಿಸಿದರೆ ನಮ್ಮ ಸೀಮೆಯ ಗಾಳಿ ಬಸವನಗುಡಿಯವರೆಗೂ ಬೀಸಿದೆ ಎಂದು ಗೊತ್ತಾಗುತ್ತದೆ.

ಗುಡಿಬಂಡೆಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಭೈರೇಗೌಡನ ಕೋಟೆ, ಅಮಾನಿ ಭೈರಸಾಗರ ಕೆರೆ ಇರುವ ನಮ್ಮ ಗುಡಿಬಂಡೆಯ ಸುತ್ತಿನ ಊರುಗಳಲ್ಲಿ ಬಹಳ ಮಂದಿಯ ಮನೆಮಾತು ತೆಲುಗು. ಆಂಧ್ರದ ಮಡಕಶಿರಾ ಸೀಮೆಯಲ್ಲಿ ಇನ್ನೊಂದು ಗುಡಿಬಂಡ ಇದೆ. ಅಲ್ಲಿ, ಮತ್ತು ಅದರ ಪಕ್ಕದ ರೊಳ್ಳ, ಅಗಳಿ, ಅಮರಾಪುರಗಳಲ್ಲಿ ಮನೆಮಾತು ಕನ್ನಡ. ಅಮರಾಪುರದ ಹತ್ತಿರದ ಹೇಮಾವತಿಯೇ ನೊಳಂಬರ ರಾಜಧಾನಿ ಹೆಂಜೇರು. ಅದೇ ನೊಳಂಬರ ಗುಡಿಗಳು ನಮ್ಮ ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿವೆ. ಆ ಗುಡಿಬಂಡದ ಕನ್ನಡ ಮಗು ಆಂಧ್ರ ಸರ್ಕಾರದ ಶಾಲೆಯಲ್ಲಿ ಕನ್ನಡದಲ್ಲೇ ಓದಲಿ ಎಂದು ನಾವು ಒತ್ತಾಯಿಸುತ್ತೇವೆ, ಅಲ್ಲಿ ಕನ್ನಡ ಮಾಧ್ಯಮದ ಶಾಲೆಗೆ ಮೇಷ್ಟ್ರಿಲ್ಲ ಎಂದರೆ ಇಲ್ಲಿ ನಮಗೆ ನೋವಾಗುತ್ತದೆ. ಆಗಲೇಬೇಕು. ಅದೇ ನೋವಿನಿಂದ ಈಚೆಯ ಗುಡಿಬಂಡೆಯ ಮನೆಮಾತನ್ನೂ ನೋಡಿ ಎಂಬುದಷ್ಟೇ ನನ್ನ ಬೇಡಿಕೆ.

ಇಲ್ಲಿಂದ ಕೈವಾರಕ್ಕೆ ಹೋಗೋಣ. ಚಿಂತಾಮಣಿ ತಾಲ್ಲೂಕಿನ ಕೈವಾರವನ್ನು ಪುರಾಣದ ಏಕಚಕ್ರಪುರವೆಂದು, ಭೀಮ ಬಕಾಸುರನನ್ನು ಕೊಂದ ಜಾಗವೆಂದು ಜನ ನಂಬುತ್ತಾರೆ. ನಮಗೆ ಅದು ತಾತಯ್ಯನವರ ಊರು. ಯೋಗಿ ನಾರೇಯಣ, ಕೈವಾರದ ನಾರಾಯಣಪ್ಪ. 1726ರಲ್ಲಿ ಹುಟ್ಟಿ 1836ರವರೆಗೆ, ನೂರಹತ್ತು ವರ್ಷ ಬಾಳಿದರೆಂದು ಪರಂಪರೆ ಹೇಳುತ್ತದೆ. ಬಳೆ ಮಲಾರ ಹೊತ್ತು ಊರೂರು ತಿರುಗಿದವರು. ಬಳೆಗಾರನಿಗೆ ಪ್ರವೇಶವಿಲ್ಲದ ಮನೆಯಿಲ್ಲ, ಹೆಂಗಸರ ಸುಖದುಃಖ ಅವನಿಗೆ ತಿಳಿದಷ್ಟು ಇನ್ನೊಬ್ಬರಿಗೆ ತಿಳಿಯದು. ಅವರ ಪದಗಳಲ್ಲಿ ಆ ಆಪ್ತತೆ ಇದೆ. ತೆಲುಗಿನಲ್ಲಿ ‘ಅಮರನಾರೇಯಣ ಶತಕ’ ಬರೆದರು, ಕಾಲಜ್ಞಾನ ಹೇಳಿದರು. ತತ್ವಪದಗಳನ್ನು ತೆಲುಗಿನಲ್ಲೂ ಹಾಡಿದರು, ಕನ್ನಡದಲ್ಲೂ ಹಾಡಿದರು. ಬಳೆ ತೊಡಿಸಿಕೊಳ್ಳುವವರು ಯಾವ ಮಾತಿನವರೋ ಆ ಮಾತಿನಲ್ಲಿ ಹಾಡುತ್ತಿದ್ದಿರಬೇಕು ಎಂದು ನಾನು ಊಹಿಸಿಕೊಳ್ಳುತ್ತೇನೆ. ಕನ್ನಡದ ತತ್ವಪದಕಾರರ ಬಗ್ಗೆ ಮಾತಾಡುವಾಗ ನಾವು ಶಿಶುನಾಳ ಶರೀಫರನ್ನು ನೆನೆಯುತ್ತೇವೆ, ಕಡಕೋಳ ಮಡಿವಾಳಪ್ಪನವರನ್ನು ನೆನೆಯುತ್ತೇವೆ. ಇವರಷ್ಟೇ ಸಹಜವಾಗಿ ತಾತಯ್ಯನವರ ಹೆಸರು ಬರುವುದಿಲ್ಲ. ಪದಗಳಲ್ಲಿ ಬಹಳಷ್ಟು ತೆಲುಗಿನಲ್ಲಿವೆ ಎಂಬುದೇ ಕಾರಣವಾದರೆ ಅದು ನ್ಯಾಯವಲ್ಲ. ಅತ್ತ ತೆಲುಗು ಸಾಹಿತ್ಯದ ಚರಿತ್ರೆಯಲ್ಲಿ ವೇಮನನಿಗೆ, ಪೋತುಲೂರಿ ವೀರಬ್ರಹ್ಮಂ ಅವರಿಗೆ ಸಿಕ್ಕ ಜಾಗ ಇವರಿಗೆ ಸಿಕ್ಕಿಲ್ಲ, ಏಕೆಂದರೆ ಅವರ ಪಾಲಿಗೆ ಕೈವಾರ ಕರ್ನಾಟಕ. ಇತ್ತೀಚೆಗೆ ಸರ್ಕಾರ ಅವರ ಜಯಂತಿ ಆಚರಿಸುತ್ತಿದೆ, ಕೈವಾರದಲ್ಲಿ ಗುರುಪೂರ್ಣಿಮೆಯ ಸಂಗೀತೋತ್ಸವಕ್ಕೆ ನಾಡಿನ ದೊಡ್ಡ ದೊಡ್ಡ ವಿದ್ವಾಂಸರು ಬರುತ್ತಾರೆ. ಸಂತೋಷ. ಆದರೆ ವಿಶ್ವವಿದ್ಯಾಲಯದ ಕನ್ನಡ ತರಗತಿಯಲ್ಲೂ ಅವರು ಕೂರಬೇಕು.

ತಾತಯ್ಯನವರ ತೆಲುಗು ಪದಗಳನ್ನು ನಮ್ಮ ಭಜನೆ ಮಂಡಳಿಗಳವರು ಓದುವುದು ಕನ್ನಡ ಲಿಪಿಯಲ್ಲಿ. ಪುಸ್ತಕಗಳು ಹಾಗೆಯೇ ಅಚ್ಚಾಗಿವೆ. ನನ್ನ ಇಂದಿನ ಮಾತಿನ ನಡುಗಂಬ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಬಸಿರಿನವು. ವಿಜಯನಗರದ ಕಾಲದವರೆಗಿನ ಎಷ್ಟೋ ಶಾಸನಗಳಲ್ಲಿ ಲಿಪಿ ನೋಡಿದಷ್ಟಕ್ಕೆ ಇದು ಕನ್ನಡವೋ ತೆಲುಗೋ ಎಂದು ಹೇಳುವುದು ಕಷ್ಟ, ಓದಿಯೇ ತಿಳಿಯಬೇಕು. ಮುದ್ರಣ ಬಂದ ಮೇಲೆ ಅಚ್ಚಿನ ಮೊಳೆಗಳು ಬೇರೆಯಾದವು, ತಲೆಕಟ್ಟಿನ ಬಾಗು ಬೇರೆಯಾಯಿತು. ನಮ್ಮ ಸೀಮೆಯ ಜನರಿಗೆ ಶಾಲೆ ಕೊಟ್ಟದ್ದು ಕನ್ನಡ ಅಕ್ಷರ. ಆ ಅಕ್ಷರವನ್ನು ಹಿಡಿದು ಅವರು ತಮ್ಮ ತೆಲುಗನ್ನು ಬರೆದುಕೊಂಡರು. ಯಾರೂ ಹೇಳಿಕೊಡಲಿಲ್ಲ, ಯಾವ ಸರ್ಕಾರವೂ ಆದೇಶ ಮಾಡಲಿಲ್ಲ. ಮದುವೆಯ ಹಾಡು, ಚೆಕ್ಕ ಭಜನೆಯ ಪದ, ಕೋಲಾಟದ ಪದ, ಹಬ್ಬದ ನಾಟಕದ ಮಾತು, ಮಗಳಿಗೆ ಬರೆದ ಕಾಗದ, ಎಲ್ಲವೂ ಕನ್ನಡ ಲಿಪಿಯ ತೆಲುಗು. ಊರಲ್ಲಿ ಕುರುಕ್ಷೇತ್ರ ಆಡುವಾಗ ತಿರುಪತಿ ವೆಂಕಟ ಕವಿಗಳ ‘ಪಾಂಡವೋದ್ಯೋಗ ವಿಜಯ’ದ ಪದ್ಯಗಳನ್ನು ಹಾರ್ಮೋನಿಯಂ ಮೇಲೆ ಎತ್ತಿ ಹಾಡಿದ ಕೃಷ್ಣ, ದುರ್ಯೋಧನರಲ್ಲಿ ಒಬ್ಬನಿಗೂ ತೆಲುಗು ಅಕ್ಷರ ಬರುತ್ತಿರಲಿಲ್ಲ. ಅವರೆಲ್ಲ ಕನ್ನಡದಲ್ಲಿ ಬರೆದುಕೊಂಡ ನೋಟುಬುಕ್ಕಿನಿಂದ ಪಾಠ ಮಾಡಿದವರು.

ಆಂಧ್ರದ ಸಂಶೋಧಕರು ಈ ನೋಟುಬುಕ್ಕುಗಳನ್ನು ಓದಲಾರರು, ಲಿಪಿ ಕನ್ನಡ. ನಮ್ಮ ಜಾನಪದ ಸಂಗ್ರಾಹಕರು ಕೈಗೆತ್ತಿಕೊಂಡು ಎರಡು ಸಾಲು ಓದಿ ಕೆಳಗಿಟ್ಟುಬಿಡುತ್ತಾರೆ, ಭಾಷೆ ತೆಲುಗು. ಅಲ್ಲೊಬ್ಬರು ಇಲ್ಲೊಬ್ಬರು ಆಸಕ್ತರು ದುಡಿದಿರುವುದನ್ನು ನಾನು ಬಲ್ಲೆ, ಅವರಿಗೆ ಕೈ ಮುಗಿಯುತ್ತೇನೆ. ಆದರೆ ಹಳ್ಳಿಹಳ್ಳಿಯ ತೊಲೆಯ ಮೇಲೆ, ಟ್ರಂಕಿನ ತಳದಲ್ಲಿ ಇರುವುದಕ್ಕೆ ಹೋಲಿಸಿದರೆ ಸಂಗ್ರಹವಾಗಿರುವುದು ಬೊಗಸೆಯಷ್ಟೂ ಇಲ್ಲ.

ಕೊನೆಯ ಭಾಗಕ್ಕೆ ಬರುತ್ತೇನೆ, ಶಾಲೆ. ಆರನೆಯ ವಯಸ್ಸಿನಲ್ಲಿ ನಾನು ಶಾಲೆಗೆ ಹೋದಾಗ ನನಗೆ ಕನ್ನಡದ ಒಂದು ವಾಕ್ಯವೂ ಬರುತ್ತಿರಲಿಲ್ಲ. ಮೊದಲ ವಾರವೇ ನೀರು ಬೇಕಾಗಿ “ನೀಳ್ಳು” ಎಂದು ಕೇಳಿದ್ದಕ್ಕೆ ಬೆತ್ತದ ಏಟು ಬಿತ್ತು. ಹೊಡೆದವರ ಮೇಲೆ ನನಗೆ ಕೋಪವಿಲ್ಲ, ಹಾಗೆ ಹೊಡೆದರೆ ಕನ್ನಡ ಬೇಗ ಬರುತ್ತದೆ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಎರಡನೆಯ ತರಗತಿಗೆ ಬೇರೆ ಮೇಷ್ಟ್ರು ಬಂದರು. ಅವರು ಬಯಲುಸೀಮೆಯ ಅಚ್ಚಕನ್ನಡದವರು, ತೆಲುಗು ಗೊತ್ತಿರಲಿಲ್ಲ. ನಮ್ಮಿಂದ ಕಲಿತರು. ಒಂದು ದಿನ ಒಬ್ಬ ಹುಡುಗ ಎದ್ದು ನಿಂತು “ಅಯ್ಯೋರೇ, ಒಂದು ಮಾಟ ಹೇಳ್ಲಾ?” ಎಂದ. ತೆಲುಗಿನಲ್ಲಿ ‘ಮಾಟ’ ಎಂದರೆ ಮಾತು, ಕನ್ನಡದಲ್ಲಿ ಏನೆಂದು ನಿಮಗೆ ಗೊತ್ತು. ಮೇಷ್ಟ್ರು ನಗಲಿಲ್ಲ. ಹಲಗೆಯ ಮೇಲೆ ಎರಡು ಮನೆ ಬರೆದರು. ಒಂದರಲ್ಲಿ ಮಾಟ, ಇನ್ನೊಂದರಲ್ಲಿ ಮಾತು. ಆಮೇಲೆ ‘ತಿಂಡಿ’ ಬರೆದರು, ತೆಲುಗಿನಲ್ಲಿ ಅದು ಊಟವೇ ಎಂದು ನಾವು ಹೇಳಿದೆವು. ಬೆಳಗಿನ ಪಾಠ ಮುಗಿಯುವಷ್ಟರಲ್ಲಿ ಹಲಗೆ ತುಂಬಿತ್ತು. ನಾನು ಕನ್ನಡ ಮೇಷ್ಟ್ರಾಗಬೇಕೆಂದು ಬಯಸಿದ್ದು ಆ ದಿನ. ಮುಂದೆ ನನ್ನ ತರಗತಿಗಳಲ್ಲಿ ನಾನೂ ಅದೇ ದಾರಿ ಹಿಡಿದೆ. ಒಗಟಿನ ಪಾಠಕ್ಕೆ ಮೊದಲು ಮನೆಯ ‘ಪೊಡುಪುಕಥೆ’ ಒಂದನ್ನು ತೆಲುಗಿನಲ್ಲೇ ಹೇಳಿಸುತ್ತಿದ್ದೆ. ಮನೆಮಾತಿಗೆ ತರಗತಿಯಲ್ಲಿ ಕುರ್ಚಿ ಹಾಕಿದ ಮಕ್ಕಳೇ ಕನ್ನಡವನ್ನೂ ಚೆನ್ನಾಗಿ ಕಲಿತರು, ಇದು ಮೂವತ್ತು ವರ್ಷ ಕಣ್ಣಾರೆ ಕಂಡದ್ದು.

ಇಲ್ಲೇ ಪಕ್ಕದ ನ್ಯಾಷನಲ್ ಕಾಲೇಜಿನ ಡಾ. ಎಚ್. ನರಸಿಂಹಯ್ಯನವರನ್ನು ಇಲ್ಲಿ ನೆನೆಯಬೇಕು. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದವರು. 1935ರಲ್ಲಿ ನ್ಯಾಷನಲ್ ಹೈಸ್ಕೂಲಿಗೆ ಸೇರಲು ಬಸ್ಸಿಗೆ ಕಾಸಿಲ್ಲದೆ ನಡೆದೇ ಬೆಂಗಳೂರಿಗೆ ಬಂದರು. ಭೌತಶಾಸ್ತ್ರದ ಅಧ್ಯಾಪಕರಾದರು, ಕುಲಪತಿಯಾದರು, ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಕೊನೆಯವರೆಗೂ ಇದ್ದರು. ಅವರು ತಾವು ನಡೆದು ಬಂದ ದಾರಿಯನ್ನು ಮರೆಯಲಿಲ್ಲ. ಹುಟ್ಟೂರಿಗೆ ಹೈಸ್ಕೂಲು, ಗೌರಿಬಿದನೂರಿಗೆ ಕಾಲೇಜು, ಬಾಗೇಪಲ್ಲಿಗೆ ಕಾಲೇಜು ತಂದರು. ನಮ್ಮೂರಿನ ಎಷ್ಟೋ ಮನೆಗಳ ಮೊದಲ ಪದವೀಧರರು ಆ ಬಾಗೇಪಲ್ಲಿಯ ನ್ಯಾಷನಲ್ ಕಾಲೇಜಿನವರು. ಊರು ಬಿಡದೆ ಓದಬಹುದು ಎಂಬ ಧೈರ್ಯ ಅವರಿಂದ ಬಂತು.

ಊರು ಬಿಡುವುದು ಮಾತ್ರ ತಪ್ಪಲಿಲ್ಲ, ಅದಕ್ಕೆ ಕಾರಣ ನೀರು. ಚಿತ್ರಾವತಿ, ಪಾಪಾಗ್ನಿ, ಉತ್ತರ ಪಿನಾಕಿನಿ ಎಂಬ ಹೆಸರುಗಳು ದೊಡ್ಡವು, ಹರಿಯುವುದು ಮಳೆಗಾಲದಲ್ಲಿ ಬಂದರೆ ಬಂತು. ಕೆರೆಗಳು ಒಣಗಿದವು, ಕೊಳವೆಬಾವಿ ಸಾವಿರ ಅಡಿ ದಾಟಿತು, ಸಿಕ್ಕ ನೀರಿನಲ್ಲಿ ಫ್ಲೋರೈಡು. ಈಗ ಹೆಬ್ಬಾಳ-ನಾಗವಾರ ಕಣಿವೆಯಿಂದ ಬೆಂಗಳೂರು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಅಷ್ಟರಲ್ಲಿ ಜನ ಬೆಂಗಳೂರು ಸೇರಿಯಾಗಿತ್ತು. ಯಲಹಂಕದಲ್ಲಿ, ಪೀಣ್ಯದಲ್ಲಿ, ಈ ಶ್ರೀನಗರ, ಹನುಮಂತನಗರಗಳಲ್ಲಿ ನಮ್ಮ ಸೀಮೆಯವರ ಮನೆಗಳಿವೆ. ಅಲ್ಲಿ ಮಗ ಅಪ್ಪನ ಹತ್ತಿರ ತೆಲುಗು ಮಾತಾಡುತ್ತಾನೆ, ಮೊಮ್ಮಗಳು ತಾತನ ಹತ್ತಿರ ಇಂಗ್ಲಿಷು. ಊರಲ್ಲೂ ಬೆಳಿಗ್ಗೆ ಮಗುವನ್ನು ಇಂಗ್ಲಿಷ್ ಶಾಲೆಗೆ ಒಯ್ಯುವ ಹಳದಿ ಬಸ್ಸು ಬರುತ್ತದೆ. ನನ್ನ ಕಾಲದಲ್ಲಿ ಕನ್ನಡ ಬಂದು ತೆಲುಗನ್ನು ಓಡಿಸುತ್ತದೆ ಎಂದು ಕೆಲವು ಹಿರಿಯರು ಹೆದರಿದ್ದರು. ಹಾಗಾಗಲಿಲ್ಲ, ಎಷ್ಟೋ ತಲೆಮಾರು ಎರಡೂ ಒಂದೇ ಸೂರಿನಡಿ ಇದ್ದವು. ಈಗ ಆ ಮಗುವಿನ ಬಾಯಿಂದ ಕನ್ನಡವೂ ತೆಲುಗೂ ಒಟ್ಟಿಗೆ ಜಾರುತ್ತಿವೆ. ಎರಡು ಮಾತು ಬಲ್ಲ ಊರು ಒಂದೂ ಸರಿಯಾಗಿ ಬಾರದ ಊರಾಗುವುದನ್ನು ನಾನು ನೋಡುತ್ತಿದ್ದೇನೆ. ಇದು ನನಗೆ ನಿದ್ದೆ ಕೆಡಿಸಿದ ಸಂಗತಿ.

ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ಇಲ್ಲಿರುವ ವಿದ್ಯಾರ್ಥಿಗಳಲ್ಲಿ ನಮ್ಮ ಕಡೆಯವರು ಇದ್ದೇ ಇರುತ್ತೀರಿ. ಮುಂದಿನ ರಜೆಗೆ ಊರಿಗೆ ಹೋದಾಗ ತೊಲೆಯ ಮೇಲೆ ಕೈಯಾಡಿಸಿ. ಅವ್ವನ ಹಾಡನ್ನು ಫೋನಿನಲ್ಲಿ ಹಿಡಿದಿಡಿ. ಸಿಕ್ಕ ಪುಟಗಳ ಚಿತ್ರ ತೆಗೆಯಿರಿ. ಪರಿಷತ್ತು, ಜಾನಪದ ಅಕಾಡೆಮಿಯಂಥ ನಮ್ಮ ಸಂಸ್ಥೆಗಳು ಕನ್ನಡ ಲಿಪಿಯ ತೆಲುಗು ಬರಹವನ್ನು ಕನ್ನಡ ನಾಡಿನ ಬರಹವೆಂದು ಒಪ್ಪಿಕೊಂಡು, ಪಕ್ಕದಲ್ಲಿ ಕನ್ನಡ ಅರ್ಥ ಕೊಟ್ಟು ಅಚ್ಚು ಹಾಕಲಿ. ಲಿಪಿ ನಮ್ಮದು, ಬರೆದವರು ನಮ್ಮವರು, ಓದಬಲ್ಲವರು ಇನ್ನೂ ಬದುಕಿದ್ದಾರೆ.

ನನ್ನ ತಂದೆಯವರ ಒಂದು ನೋಟುಬುಕ್ಕನ್ನು ತಂದಿದ್ದೇನೆ, ಈ ಮೇಜಿನ ಮೇಲೆಯೇ ಇದೆ. ಅವರು ನಾಲ್ಕನೆಯ ತರಗತಿಯವರೆಗೆ ಓದಿದವರು, ಊರ ನಾಟಕದಲ್ಲಿ ಕರ್ಣನ ಪಾತ್ರ ಮಾಡುತ್ತಿದ್ದರು. ತೆಲುಗಿನಲ್ಲಿ ಚಕಾರಕ್ಕೆ ಎರಡು ಉಚ್ಚಾರಗಳಿವೆ, ಒಂದು ನಮ್ಮ ‘ಚ’, ಇನ್ನೊಂದು ಹಲ್ಲಿಗೆ ತಾಗಿ ‘ತ್ಸ’ದ ಹಾಗೆ ಬರುವಂಥದು. ಕನ್ನಡ ಲಿಪಿಯಲ್ಲಿ ಅದಕ್ಕೆ ಬೇರೆ ಅಕ್ಷರವಿಲ್ಲ. ಹಾಗೆ ಓದಬೇಕಾದ ಕಡೆಯಲ್ಲೆಲ್ಲ ಅವರು ಚಕಾರದ ಕೆಳಗೆ ಕೆಂಪು ಮಸಿಯಲ್ಲಿ ಒಂದು ಚುಕ್ಕೆ ಇಟ್ಟಿದ್ದಾರೆ. ಯಾವ ವ್ಯಾಕರಣವನ್ನೂ ಓದಿದವರಲ್ಲ. ಕಿವಿಗೆ ಬೇಕಾಯಿತು, ಚುಕ್ಕೆ ಇಟ್ಟುಕೊಂಡರು. ಕೊನೆಯ ಹಾಳೆಯಲ್ಲಿ ಒಂದು ಪದ್ಯ ಅರ್ಧಕ್ಕೆ ನಿಂತಿದೆ. ಅದರ ಕೆಳಗೆ ಅದೇ ಕೈಬರಹದಲ್ಲಿ, ಕನ್ನಡದಲ್ಲಿ, ಆ ವರ್ಷದ ಲೆಕ್ಕ: ರಾಗಿ ಎಷ್ಟು ಪಲ್ಲ, ಕಡಲೆಕಾಯಿ ಎಷ್ಟು ಮೂಟೆ, ಮಗನ ಶಾಲೆಯ ಪುಸ್ತಕಕ್ಕೆ ಎಷ್ಟು. ಸಭೆ ಮುಗಿದ ಮೇಲೆ ಹತ್ತಿರ ಬಂದು ನೋಡಿ. ಹಾಳೆಗಳು ಪುಡಿಯಾಗುತ್ತಿವೆ, ಮೆಲ್ಲಗೆ ತಿರುವಿ.